ಚಾವಣಿಗೆ ಅರ್ಹರಾದ ಮಕ್ಕಳು

ಶಹಾಬಾದಿನ ಒಂದು ಸರ್ಕಾರಿ ಶಾಲೆಯ ಏಳನೇ ತರಗತಿಯ ಮಕ್ಕಳು ಮೇಲಧಿಕಾರಿಗಳ ಪೂರ್ವಾನುಮತಿ ಪಡೆಯದೆ ಜಾಣರಾದ ಕಾರಣ, ಅವರ ಕೋಣೆಯ ಚಾವಣಿಗೆ ಬರಬೇಕಿದ್ದ ಅನುದಾನ ರದ್ದಾಯಿತು.

ಚಾವಣಿ ಕುಸಿದದ್ದು ಮಳೆಗಾಲದ ಆರಂಭದಲ್ಲಿ. ಮಕ್ಕಳು ಬಿಸಿಯೂಟದ ಸಾಲಿನಲ್ಲಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಗಾಯಾಳುಗಳಿಗೆಂದು ತೆಗೆದಿಟ್ಟಿದ್ದ ಪರಿಹಾರದ ಮೊತ್ತ ಖರ್ಚಾಗದೆ ಉಳಿದ ಬಗ್ಗೆ ಮುಖ್ಯಗುರು ಮಡಿವಾಳಯ್ಯನವರಿಂದ ವಿವರಣೆ ಕೇಳಲಾಯಿತು.

ಮಕ್ಕಳನ್ನು ಜಾಣರನ್ನಾಗಿಸಿದ ಆರೋಪ ಹೊತ್ತ ಗಣಿತ ಶಿಕ್ಷಕಿ ಗುರುದೇವಿ, ನಗರ ಶಾಲಾ ಸಮತೋಲನ ಕೋಶದ ಅಧಿಕಾರಿ ರಮೇಶಕುಮಾರರ ಬಳಿ ಹೋದರು.

“ಕುಂದ್ರಿ ಮೇಡಂ. ಅನುದಾನ ಹಿಂದುಳಿದ ಶಾಲಿಗಷ್ಟೇ ಅದ. ನಿಮ್ಮ ಹುಡುಗ್ರು ಭಾಳ ಮುಂದ ಹೋಗ್ಯಾರ,” ಎಂದರು ಅಧಿಕಾರಿ.

“ಸರ್, ಮಳಿ ಜಾಣರ ಮ್ಯಾಲೂ ಬೀಳ್ತದರಿ.”

“ಬೀಳ್ತದ, ಒಪ್ಪತೀನಿ. ಆದ್ರ ನಿಯಮದಾಗ ಮಳಿ ಅಂಬೋ ಶಬ್ದೇ ಇಲ್ಲ. ಸೋಮವಾರ ಮರುಪರೀಕ್ಷೆ ಇಡತೀನಿ. ಎಲ್ಲಾರೂ ನಪಾಸಾಗ್ಲಿ, ಮಂಗಳವಾರ ಸಿಮೆಂಟ್ ಕಳಸ್ತೀನಿ.”

ಮರುದಿನದಿಂದ ಮರೆವಿನ ವಿಶೇಷ ತರಗತಿ ಆರಂಭವಾಯಿತು. ಗುರುದೇವಿ ತಾವು ಕಲಿಸಿದ್ದನ್ನು ತಾವೇ ತಪ್ಪಾಗಿ ತಿದ್ದಿದರು. ಆ ವಾರವಿಡೀ ಅವರಿಗೆ ಅನ್ನ ಸೇರಲಿಲ್ಲ. ಮಕ್ಕಳು ಮಾತ್ರ ಶ್ರದ್ಧೆಯಿಂದ ಕಲಿತರು. ಬಸವಲಿಂಗ ಎಂಬ ವಿದ್ಯಾರ್ಥಿ ತನ್ನ ಹೆಸರನ್ನೂ ತಪ್ಪಾಗಿ ಬರೆಯುವ ಮಟ್ಟಕ್ಕೇರಿ, ಪ್ರಾರ್ಥನೆಯ ವೇಳೆ ಎಲ್ಲರ ಚಪ್ಪಾಳೆ ಪಡೆದನು.

ಕಲ್ಲು ಪಾಲಿಶ್ ಮಾಡುವ ಬಂದೇಅಲಿಯ ಮಗಳು ಜಾನಬಿಗೆ ಇದು ಸಾಧ್ಯವಾಗಲಿಲ್ಲ.

“ಏಳೆಂಟ್ಲಿ ಐವತ್ತಾರು ಅಂತ ಗೊತ್ತಿದ್ದು ಬ್ಯಾರೆ ಬರೀಲಿಕ್ಕ ಕೈ ಏಳವಲ್ದು ಟೀಚರ್,” ಎಂದು ಅತ್ತಳು.

ಗುರುದೇವಿ ಆಕೆಯ ಕಣ್ಣೊರೆಸಿ, “ಬಿಡು, ನೀ ಸರಿನೇ ಬರಿ,” ಎಂದರು. ಇದು ಕರ್ತವ್ಯಲೋಪವಾಗಿತ್ತು.

ಪರೀಕ್ಷೆಯಲ್ಲಿ ಉಳಿದೆಲ್ಲರಿಗೂ ಸೊನ್ನೆ, ಜಾನಬಿಗೆ ನೂರು. ಒಂದು ಮಗು ಪಾಸಾದರೂ ಶಾಲೆ ಹಿಂದುಳಿದದ್ದೆನಿಸದು. ರಮೇಶಕುಮಾರ ಸ್ವತಃ ಬಂದು ಹುಡುಗಿಯನ್ನು ಬಹಳ ಹೊತ್ತು ದಿಟ್ಟಿಸಿ, ಪರಿಹಾರ ಕಂಡುಕೊಂಡರು. ನಿಯಮದ ಪ್ರಕಾರ ವಿದ್ಯಾರ್ಥಿಗಳಲ್ಲಿ ಎರಡು ವಿಧ: ಹುಡುಗರು, ಹುಡುಗಿಯರು. ಕೇಳಿದಾಗಲೆಲ್ಲ ಸರಿಯಾದ ಮಾಹಿತಿ ನೀಡುವಂಥದ್ದು ಬೋಧನಾ ಸಾಮಗ್ರಿ. ಆದ್ದರಿಂದ ಜಾನಬಿಯನ್ನು ಹುಡುಗಿಯರಿಂದ ಕಳೆದು, ಗ್ಲೋಬು ಮತ್ತು ಭೂಪಟಗಳಿಗೆ ಕೂಡಿಸಲಾಯಿತು.

ಚಾವಣಿ ಬಂತು. ಸಾಮಗ್ರಿಗೆ ಬಿಸಿಯೂಟ ಇಲ್ಲವಾದ್ದರಿಂದ ಗುರುದೇವಿ ತಮ್ಮ ರೊಟ್ಟಿಯಲ್ಲಿ ಪಾಲು ಕೊಡತೊಡಗಿದರು. ಬಂದೇಅಲಿ ಗಾಬರಿಯಿಂದ ಓಡಿ ಬಂದನು.

“ಸಾಬ್, ನನ್ನ ಬೇಟಿ ಹುಡುಗಿನೇ ಅದಾಳಲ್ರಿ?”

“ಮನ್ಯಾಗ ಹುಡುಗಿ. ಇಲ್ಲಿ ಸರ್ಕಾರದ ಆಸ್ತಿ,” ಎಂದರು ರಮೇಶಕುಮಾರ. “ಕಳವಾದ್ರ ನಾವೇ ಜಿಮ್ಮೇದಾರ್.”

ಮಗಳಿಗೆ ಇಷ್ಟು ಭದ್ರತೆ ಸಿಕ್ಕೀತೆಂದು ಆತ ಎಣಿಸಿರಲಿಲ್ಲ. ಕೈಮುಗಿದನು.

ಮುಂದೆ ಪಕ್ಕದ ಊರಾದ ವಾಡಿಯ ಶಾಲೆಯೊಂದು ತನ್ನ ಫಲಿತಾಂಶ ಕುಸಿದಿದೆಯೆಂದು ಜಾನಬಿಯನ್ನು ಎರವಲು ಕೇಳಿತು. ಒಪ್ಪಿಗೆ ಬರೆದುಕೊಡಲು ಬಂದ ಬಂದೇಅಲಿ ಒಂದೇ ಷರತ್ತು ಹಾಕಿದನು:

“ರೈಲಿನ್ಯಾಗ ಕಿಟಕಿ ಬಾಜೂ ಕೂಡಸಬ್ಯಾಡ್ರಿ ಸಾಬ್, ಆಕಿಗಿ ನೆಗಡಿ ಆಗ್ತದ.”

“ಸಾಮಾನಿಗಿ ನೆಗಡಿ ಆಗಂಗಿಲ್ಲ,” ಎಂದು ರಮೇಶಕುಮಾರ ಸೌಮ್ಯವಾಗಿ ತಿದ್ದಿದರು. “ತೇವ ಹಿಡಿಯುತ್ತದೆ ಅಂತ ಬರೀರಿ.”

ಅಕ್ಷರ ಬಾರದ ಬಂದೇಅಲಿ ಪೆನ್ನನ್ನು ಮಗಳ ಕೈಗೆ ಕೊಟ್ಟನು. ಜಾನಬಿ ಒಂದೂ ತಪ್ಪಿಲ್ಲದೆ ಹಾಗೆಯೇ ಬರೆದಳು.