ಸೈಟಿನಲ್ಲಿ ಬೆಳೆದ ಮೆಕ್ಕೆಜೋಳ

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದನ್ನು ಚಿಕ್ಕ ವಯಸ್ಸಿನಲ್ಲೇ ರೂಢಿ ಮಾಡಿಕೊಳ್ಳಬೇಕು. ಎಪ್ಪತ್ತು ದಾಟಿದ ಮೇಲೆ ಆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ನನಗಂತೂ ಅದು ಬಾಯಿಗೆ ಬಂದದ್ದೇ ಇಲ್ಲ. ನಮ್ಮ ಮನೆತನದಲ್ಲಿ ಆ ಕಾಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ಯಾರಿಗೆ ಯಾವ ಕಾಗದ ಬಂದರೂ ನನ್ನ ಮುಂದೆ ತಂದಿಡುತ್ತಿದ್ದರು. ಬ್ಯಾಂಕಿನ ನೋಟಿಸು, ಕರೆಂಟು ಬಿಲ್ಲು, ಒಮ್ಮೆ ಎಕ್ಸರೇ ಕೂಡ. ಅದನ್ನು ಬೆಳಕಿಗೆ ಹಿಡಿದು, "ಏನೂ ಗಾಬರಿ ಇಲ್ಲ" ಎಂದುಬಿಟ್ಟಿದ್ದೆ. ಪುಣ್ಯಕ್ಕೆ ಗಾಬರಿ ಇರಲಿಲ್ಲ.

ನಾನು ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದವನು. ತಂಗಿ ನೀಲಮ್ಮ ಹರಿಹರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಂಡ ತೀರಿಕೊಂಡ ಮೇಲೆ, ಕೂಡಿಟ್ಟ ದುಡ್ಡನ್ನು ಏನು ಮಾಡಲಿ ಎಂದು ನನ್ನನ್ನೇ ಕೇಳಿದಳು. ಹರಿಹರದ ಹತ್ತಿರದ ಸಾರಥಿ ಊರಿನ ಕಡೆ ಹೊಸ ಲೇಔಟ್ ಎದ್ದಿದೆ ಎಂದು ನಾನೇ ಅವಳನ್ನೂ ಅವಳ ಸೊಸೆ ಗೌರಿಯನ್ನೂ ಕರೆದುಕೊಂಡು ಹೋದೆ. ಅಲ್ಲಿ ಬಣ್ಣ ಬಳಿದ ಕಮಾನು, ಸಾಲಾಗಿ ನೆಟ್ಟ ನಂಬರಿನ ಕಲ್ಲು, ಬಂದವರಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಏಜೆಂಟ್ ಪರಮೇಶಿ ದಪ್ಪ ಫೈಲೊಂದನ್ನು ನನ್ನ ಕೈಗಿಟ್ಟು, "ಯಜಮಾನ್ರೇ, ನೀವು ಓದಿದೋರು, ಒಂದ್ಸಲ ನೋಡ್ಬಿಡ್ರಿ" ಎಂದ. ಕನ್ನಡಕ ಮನೆಯಲ್ಲೇ ಉಳಿದಿತ್ತು. ಹಾಗೆಂದು ಹೇಳಬಹುದಿತ್ತು. ಆದರೆ ಸುತ್ತ ನಿಂತ ಹತ್ತು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ ತಿರುವಿದೆ, ಎರಡು ಕಡೆ ಹುಬ್ಬು ಗಂಟಿಕ್ಕಿದೆ, ಕೊನೆಗೆ "ಎಲ್ಲಾ ಕ್ಲಿಯರ್ ಐತೆ" ಎಂದೆ.

ಗೌರಿಯೊಬ್ಬಳೇ ಅನುಮಾನಿಸಿದಳು. "ಮಾವ, ಒಬ್ರು ವಕೀಲ್ರಿಗೆ ತೋರ್ಸೋಣ್ರಿ. ಇಲ್ಲಾಂದ್ರೆ ಅರ್ಧ ದುಡ್ಡಾದ್ರೂ ಬ್ಯಾಂಕಿನಾಗೇ ಇರ್ಲಿ."

"ನಾನು ಓದಿದ್ದನ್ನೇ ವಕೀಲನೂ ಓದೋದು, ಸುಮ್ನಿರು" ಎಂದು ಅವಳ ಬಾಯಿ ಮುಚ್ಚಿಸಿದೆ. ನೀಲಮ್ಮ ಇದ್ದಷ್ಟು ದುಡ್ಡನ್ನೂ ಕೊಟ್ಟು ಸೈಟು ಕೊಂಡಳು. ಕುಕ್ಕರ್ ಕೊಳ್ಳುವಾಗ ಮೂರು ಅಂಗಡಿ ಸುತ್ತಿ ತಳ ಬಡಿದು ನೋಡುವವನು ನಾನು. ತಂಗಿಯ ಜೀವಮಾನದ ಗಳಿಕೆಗೆ ಮಾತ್ರ ಹುಬ್ಬು ಗಂಟಿಕ್ಕಿದ್ದಷ್ಟೇ ನನ್ನ ತಪಾಸಣೆ.

ಮುಂದಿನ ಮಳೆಗಾಲದಲ್ಲಿ ನೀಲಮ್ಮ ಫೋನ್ ಮಾಡಿದಳು. "ಅಣ್ಣಾ, ನಮ್ ಸೈಟ್ನಾಗೆ ಮೆಕ್ಕೆಜೋಳ ಭಾಳ ಚಲೋ ಬಂದೈತೆ. ಯಾರು ಬಿತ್ತಿದ್ರೋ ಏನೋ." ಹೋಗಿ ನೋಡಿದರೆ ಕಲ್ಲಿಲ್ಲ, ಕಮಾನಿಲ್ಲ, ಪರಮೇಶಿಯ ಫೋನು ಸ್ವಿಚ್ ಆಫ್. ಆ ಹೊಲದ ಬಗ್ಗೆ ಅಣ್ಣತಮ್ಮಂದಿರ ವ್ಯಾಜ್ಯ ಕೋರ್ಟಿನಲ್ಲಿತ್ತು. ಮನೆ ಕಟ್ಟಲು ಜಮೀನು ಪರಿವರ್ತನೆಯೂ ಆಗಿರಲಿಲ್ಲ. "ಸುಳ್ಳು ಕಾಗದ ತೋರ್ಸಿ ಮೋಸ ಮಾಡಿದ್ರು" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ದಿನ, ಪರಮೇಶಿ ಆಗ ಕೊಟ್ಟಿದ್ದ ಫೈಲಿನ ಜೆರಾಕ್ಸ್ ಪ್ರತಿಯನ್ನು ಹೊರತೆಗೆದು, ಕನ್ನಡಕ ಏರಿಸಿ ಓದಿದೆ. ಎರಡನೆಯ ಹಾಳೆಯ ಪಹಣಿಯಲ್ಲೇ ಜಮೀನು ಕೃಷಿಯದೆಂದೂ, ದಾವೆ ಇದೆಯೆಂದೂ ಸ್ಪಷ್ಟವಾಗಿ ಅಚ್ಚಾಗಿತ್ತು. ನನಗೆ ಮೋಸ ಮಾಡುವಷ್ಟು ಶ್ರಮವನ್ನೂ ಪರಮೇಶಿ ತೆಗೆದುಕೊಂಡಿರಲಿಲ್ಲ.

ಮೂರು ದಿನ ಊಟ ರುಚಿಸಲಿಲ್ಲ. ಕೊನೆಗೆ ಹರಿಹರಕ್ಕೆ ಹೋಗಿ, ಗಿರಣಿಯ ಸದ್ದಿನಲ್ಲಿ ಮುಖ ತಗ್ಗಿಸಿ ತಪ್ಪೊಪ್ಪಿಕೊಂಡೆ. ಕೇಳಿಸಲಿಲ್ಲವೆಂದು ನೀಲಮ್ಮ ಗಿರಣಿ ನಿಲ್ಲಿಸಿದಳು. ಜೋಳ ಬೀಸಿಸಲು ಬಂದಿದ್ದ ನಾಲ್ವರು ಹೆಂಗಸರ ಎದುರು ಎಲ್ಲವನ್ನೂ ಇನ್ನೊಮ್ಮೆ ಹೇಳಬೇಕಾಯಿತು.

ಅವಳು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. "ಓದ್ಲಿಲ್ಲ ಅಂದಿದ್ರೆ ನಾನೇನು ನಿನ್ನ ಫೇಲ್ ಮಾಡ್ತಿದ್ನೇನಣ್ಣಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಮುಂದೆ ಒಂದು ಮಳಿಗೆ ಇದೆ. ಅವಳು ಇರುವವರೆಗೂ ಅದರ ಬಾಡಿಗೆ ಅವಳಿಗೇ ಹೋಗಲಿ ಎಂದು ನಿಶ್ಚಯಿಸಿದೆ. ನನ್ನ ಹೆಂಡತಿ ಕೂಡಲೇ ಒಪ್ಪಿದಳು. ಬಾಯಿಮಾತು ಸಾಲದೆಂದು ಛಾಪಾ ಕಾಗದ ತಂದು, ಒಕ್ಕಣೆಯನ್ನು ನಾನೇ ಬರೆದೆ. ನನಗೆ ಬರುತ್ತದಲ್ಲ!

ಮರುದಿನ ಅದನ್ನು ತಂಗಿಯ ಕೈಗಿಟ್ಟೆ. ಅವಳು ಅದರ ಮೇಲೆ ಕಣ್ಣೂ ಹಾಯಿಸದೆ ಗೌರಿಗೆ ದಾಟಿಸಿ, "ನೀ ಓದವ್ವಾ" ಎಂದಳು. ಗೌರಿ ನಿಂತಲ್ಲೇ, ಗಟ್ಟಿಯಾಗಿ, ಅಕ್ಷರ ಬಿಡದೆ ಓದತೊಡಗಿದಳು. ಅರ್ಧಕ್ಕೆ ಬಂದು ನಿಲ್ಲಿಸಿ, ಹಿಂದಿನ ಸಾಲಿಗೆ ಹೋಗಿ, ಮತ್ತೆ ನಿಲ್ಲಿಸಿದಳು.

"ಮಾವ, ಬಾಡಿಗೆ ಕೊಡ್ತೀನಿ ಅಂತ ಐತ್ರಿ. ಯಾರಿಗೆ ಅಂತ ಬರ್ದೇ ಇಲ್ಲಲ್ರೀ?"

ಆ ಕಾಗದವನ್ನು ನಾನು ಮನೆಯಲ್ಲಿ ಮೂರು ಸಲ ಓದಿ, ಎಲ್ಲ ಸರಿಯಾಗಿದೆ ಎಂದು ರುಜು ಹಾಕಿ ತಂದಿದ್ದೆ.