ಎಂ.ಪಿ.ಯವರ ಹಾಜರಿ ಪುಸ್ತಕ

ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನು ಒಬ್ಬ ಲೋಕಸಭಾ ಸದಸ್ಯರಿಗೆ ಕ್ಲಾಸ್ ಟೀಚರ್ ಆದೆ. ಯಾರೂ ನೇಮಿಸಿರಲಿಲ್ಲ. ಪಾಪ, ಆ ಸದಸ್ಯರಿಗೂ ಗೊತ್ತಿರಲಿಲ್ಲ.

ನಾನು ಹೊಸೂರಿನ ಒಂದು ಕಾನ್ವೆಂಟಿನಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವಳು. ಅದಕ್ಕೂ ಮೊದಲು ಅಂಥದ್ದೇ ಒಂದು ಕಾನ್ವೆಂಟಿನಲ್ಲಿ ಕಲಿತವಳು. ಬೆಳಿಗ್ಗೆ ಸಿಸ್ಟರ್ ಬೆನೆಡಿಕ್ಟಾ ಉದ್ದನೆಯ ನೀಲಿ ರಿಜಿಸ್ಟರ್ ತೆರೆದು ಹೆಸರು ಕೂಗುತ್ತಿದ್ದರು. ನಾವು ಒಬ್ಬೊಬ್ಬರಾಗಿ ಎದ್ದು "ಪ್ರೆಸೆಂಟ್, ಸಿಸ್ಟರ್" ಅನ್ನುತ್ತಿದ್ದೆವು. ಕಾಲ ಸರಿದು ಅಂಥದ್ದೇ ಕುರ್ಚಿಯಲ್ಲಿ ನಾನು ಕೂತೆ. ನನಗೂ ಪ್ರೆಸೆಂಟ್ ಅನ್ನುವವರು ಬಂದರು. ರಿಟೈರ್ ಆದಮೇಲೆ ಆ ಸುಖವೂ ಹೋಯಿತು. ಮನೆಯಲ್ಲಿ ಉಳಿದಿರುವುದು ನಮ್ಮ ಯಜಮಾನರು. ಹತ್ತು ಸಲ ಕೂಗಿದರೆ ಪೇಪರ್ ಹಿಂದಿನಿಂದ ಒಂದು ಸಲ "ಹ್ಞೂಂ" ಅನ್ನುತ್ತಾರೆ. ಅದನ್ನು ಹಾಜರಿ ಎಂದು ಯಾವ ರಿಜಿಸ್ಟರೂ ಒಪ್ಪುವುದಿಲ್ಲ.

ಹೀಗಿರುವಾಗ ಮುನಿರತ್ನಮ್ಮ ಬಂದು ನನ್ನ ತಲೆ ಕೆಡಿಸಿದಳು.

ಮುನಿರತ್ನಮ್ಮ ನಮ್ಮ ಜಿಲ್ಲೆಯದೇ ಡೆಂಕಣಿಕೋಟೆಯ ಆಚೆ, ಕಾಡಂಚಿನ ಹಳ್ಳಿಯವಳು. ಮಂಗಳವಾರ, ಶುಕ್ರವಾರ ಮೊದಲನೆಯ ಬಸ್ಸಿಗೆ ಸೊಪ್ಪಿನ ಕುಕ್ಕೆ ಹೊತ್ತು ನಮ್ಮ ಬೀದಿಗೆ ಬರುತ್ತಾಳೆ. ಆಷಾಢದ ಒಂದು ಮಂಗಳವಾರ ಮೆಟ್ಟಿಲ ಮೇಲೆ ಕೂತು ಮನೆಯ ಸಮಾಚಾರ ಹೇಳಿದಳು. ಹಿಂದಿನ ವರ್ಷ ಅವಳ ಗಂಡ ರಾಗಿ ಕಾಯಲು ಅಟ್ಟಣೆ ಹತ್ತಿ ಕೂತಿದ್ದಾಗ ಆನೆ ಬಂದು, ಇವನು ಗಾಬರಿಯಿಂದ ಇಳಿಯಲು ಹೋಗಿ, ಮೊಣಕಾಲು ಮುರಿದುಕೊಂಡಿದ್ದ. ಕಾಡಿಗೂ ಹೊಲಕ್ಕೂ ನಡುವೆ ಆನೆ ದಾಟದಂತೆ ತೋಡಿದ್ದ ಕಂದಕಕ್ಕೆ ಒಂದು ಕಡೆ ಮಣ್ಣು ಕುಸಿದು ಸೇತುವೆಯ ಹಾಗೆ ಆಗಿದೆಯಂತೆ. ಈ ಸಲ ಮತ್ತೆ ಬಿತ್ತಿದ್ದಾರೆ. ಕುಂಟುಗಾಲಿನ ಗಂಡ ಮತ್ತೆ ಅಟ್ಟಣೆ ಹತ್ತುತ್ತೇನೆ ಅನ್ನುತ್ತಿದ್ದಾನೆ.

"ಅಮ್ಮಾರೇ, ಓಟು ಇಸ್ಕೊಂಡೋದ ಅಯ್ಯ ಡೆಲ್ಲೀಲಿ ಏನ್ ಮಾಡ್ತವ್ರೆ? ನಮ್ ಆನೆ ಸಮಾಚಾರ ಅಲ್ಲಿ ಯಾರಾನ ಎತ್ತವ್ರಾ? ಒಸಿ ನೋಡಿ. ನೀವು ಓದ್ದೋರು" ಅಂದಳು.

ನೀವು ಓದ್ದೋರು! ನನ್ನಂಥವಳನ್ನು ಗುಂಡಿಗೆ ಬೀಳಿಸಲು ಅಷ್ಟು ಸಾಕು. ಇದೇನು ಮಹಾ, ನಾಳೆಯೇ ನೋಡಿ ಹೇಳುತ್ತೇನೆ ಎಂದು ಅಭಯ ಕೊಟ್ಟುಬಿಟ್ಟೆ.

ಇಲ್ಲಿ ನಮ್ಮ ಮನೆಯ ವಿಚಾರ ಒಂದು ಮಾತು ಹೇಳಬೇಕು. ನಾವಿರುವುದು ತಮಿಳುನಾಡಿನ ಗಡಿಯಂಚಿನ ಜೂಜುವಾಡಿಯಲ್ಲಿ. ತಾರಸಿ ಹತ್ತಿದರೆ ಅತ್ತಿಬೆಲೆಯ ಲಾರಿ ಸಾಲು ಕಾಣುತ್ತದೆ. ನಮ್ಮ ಹಾಲ್‌ನಲ್ಲಿ ಮೊಬೈಲ್ ಹಿಡಿದರೆ ಅದು ತಮಿಳುನಾಡಿನಲ್ಲಿರುತ್ತದೆ. ಅಡುಗೆಮನೆಗೆ ಹೋದರೆ "ಕರ್ನಾಟಕಕ್ಕೆ ಸ್ವಾಗತ" ಎಂಬ ಮೆಸೇಜ್ ಬರುತ್ತದೆ. ಒಗ್ಗರಣೆಗೆ ಕರ್ನಾಟಕ, ಊಟಕ್ಕೆ ತಮಿಳುನಾಡು. ನಲವತ್ತು ವರ್ಷದಿಂದ ಇಲ್ಲಿರುವ ನಮಗೆ ಇದು ವಿಶೇಷವೇ ಅಲ್ಲ.

ಮರುದಿನ ಅಡುಗೆಮನೆಯ ಹಿಂಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು, ಸಂಸದರ ಹಾಜರಿ, ಪ್ರಶ್ನೆ, ಚರ್ಚೆಗಳ ಲೆಕ್ಕವನ್ನೆಲ್ಲ ಇಟ್ಟಿರುವ ಒಂದು ವೆಬ್‌ಸೈಟ್ ಹುಡುಕಿದೆ. ನಿಮ್ಮ ಎಂ.ಪಿ. ಯಾರು ಎಂದು ತೋರಿಸಲೇ, ನೀವಿರುವ ಜಾಗವನ್ನು ನೋಡಬಹುದೇ ಎಂದು ಅದು ಕೇಳಿತು. ಅನುಮತಿ ಕೇಳಿ ಒಳಗೆ ಬರುವ ಮ್ಯಾನರ್ಸ್ ಈ ಕಾಲದಲ್ಲಿ ಯಾರಿಗಿದೆ? ನನಗೆ ತುಂಬ ಸಂತೋಷವಾಯಿತು. "ಎಸ್, ಯು ಮೇ" ಎಂದು ಗಟ್ಟಿಯಾಗಿ ಹೇಳಿಯೇ ಒತ್ತಿದೆ.

ಒಬ್ಬರ ಫೋಟೋ ಬಂತು. ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು. ಓಹೋ, ನಮ್ಮ ಎಂ.ಪಿ. ಇವರೇ ಅಂದುಕೊಂಡೆ. ಈ "ಓಹೋ" ಬಗ್ಗೆ ತಪ್ಪೊಪ್ಪಿಗೆ ಕೊಡಬೇಕು. ಇಪ್ಪತ್ತೊಂದು ತುಂಬಿದಂದಿನಿಂದ ಒಂದು ಚುನಾವಣೆಯನ್ನೂ ನಾನು ತಪ್ಪಿಸಿಲ್ಲ. ಮಗ್ಗುಲಿನ ಮನೆಯವರಿಗೆ ಓಟಿನ ಮಹತ್ವದ ಬಗ್ಗೆ ಲೆಕ್ಚರ್ ಕೊಟ್ಟಿದ್ದೇನೆ. ಆದರೆ ಚಿಹ್ನೆ ನೋಡಿ ಒತ್ತಿದ್ದೇನೆಯೇ ಹೊರತು ಪಕ್ಕದ ಹೆಸರನ್ನು ಯಾವತ್ತೂ ಓದಿದವಳಲ್ಲ. ಆ ಫೋಟೋದ ಕೆಳಗೆ ತಿಳಿ ಬೂದು ಬಣ್ಣದಲ್ಲಿ ಸಣ್ಣ ಅಕ್ಷರದ ಇನ್ನೇನೋ ಒಂದು ಸಾಲೂ ಇತ್ತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೂ ಬಿಳಿಯ ಮೇಲಿನ ಬೂದು ನನಗೆ ಕಾಣುವುದಿಲ್ಲ. ಅಷ್ಟು ಮುಖ್ಯವಾಗಿದ್ದರೆ ದೊಡ್ಡದಾಗಿ ಬರೆಯುತ್ತಿದ್ದರು ಎಂದು ಬಿಟ್ಟೆ.

ಅಂದೇ ಒಂದು ಉದ್ದನೆಯ ನೀಲಿ ರಿಜಿಸ್ಟರ್ ತಂದೆ. ಜೆರಾಕ್ಸ್ ಅಂಗಡಿಯಲ್ಲಿ ಆ ಫೋಟೋ ಪ್ರಿಂಟ್ ಮಾಡಿಸಿ ಮೊದಲನೆಯ ಪುಟದಲ್ಲಿ ಅಂಟಿಸಿದೆ. ಅಟೆಂಡೆನ್ಸ್, ಪ್ರಶ್ನೆ, ಚರ್ಚೆ, ಮತದಾನ, ಕಾಂಡಕ್ಟ್ ಎಂದು ಕೆಂಪು ಗೆರೆ ಎಳೆದೆ. ಯಜಮಾನರು ಏನದು ಎಂದು ಇಣುಕಿದರು. ಮೌಲ್ಯಮಾಪನ ಗೋಪ್ಯವಾದದ್ದು ಎಂದು ಹೇಳಿ ಮುಚ್ಚಿಟ್ಟೆ. ದಿನಕ್ಕೆ ಎರಡು ಪೇಪರ್ ಓದುವ ಮನುಷ್ಯನಿಗೆ ಒಂದು ಸಲ ಆ ಪುಟ ತೋರಿಸಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ.

ಮತದಾನದ ಕಾಲಮ್ಮಿನಲ್ಲಿ ಮೊದಲ ತೊಡಕು ಬಂತು. ಯಾವ ಮಸೂದೆಗೆ ನಮ್ಮವರು ಹೌದು ಅಂದರು, ಯಾವುದಕ್ಕೆ ಇಲ್ಲ ಅಂದರು ಎಂದು ವಾರಗಟ್ಟಲೆ ಹುಡುಕಿದೆ. ಹೆಚ್ಚಿನ ಕಡೆ "ಧ್ವನಿಮತದಿಂದ ಅಂಗೀಕಾರ" ಎಂದಿತ್ತು. ಅಂದರೆ ಒಪ್ಪುವವರೆಲ್ಲ ಒಟ್ಟಿಗೆ ಕೂಗುವುದು, ಒಪ್ಪದವರೆಲ್ಲ ಒಟ್ಟಿಗೆ ಕೂಗುವುದು. ಯಾರು ಏನು ಕೂಗಿದರು ಎಂದು ಬರೆದಿಡುವುದಿಲ್ಲ. ನನ್ನ ಕ್ಲಾಸಿನಲ್ಲಿ ಇದಕ್ಕೆ ಕೋರಸ್ ಆನ್ಸರ್ ಅನ್ನುತ್ತಿದ್ದೆವು. ಹಿಂದಿನ ಬೆಂಚಿನವರು ಬರಿಯ ಬಾಯಿ ಆಡಿಸುತ್ತಿದ್ದರು. ದೇಶದ ಕಾನೂನೂ ಹೀಗೆ ಪಾಸಾಗುವುದು ನೋಡಿ ಮನಸ್ಸಿಗೆ ಪಿಚ್ಚೆನಿಸಿತು. ಆ ಕಾಲಮ್ಮಿನಲ್ಲಿ "ತುಟಿ ಆಡಿತೋ ಇಲ್ಲವೋ ತಿಳಿಯದು" ಎಂದು ಬರೆದೆ.

ಪ್ರಶ್ನೆಗಳಲ್ಲಿ ನಮ್ಮವರು ಚುರುಕು. ಹೆದ್ದಾರಿಯ ಟ್ರಾಫಿಕ್ ಬಗ್ಗೆ ಕೇಳಿದ್ದರು. ಗಡಿಯಲ್ಲಿ ಲಾರಿಗಳು ನಿಲ್ಲುವ ಬಗ್ಗೆ ಕೇಳಿದ್ದರು. ನಮ್ಮ ತಾರಸಿಯ ಮೇಲೆ ನಿಂತು ನೋಡಿ ಕೇಳಿದ ಹಾಗಿತ್ತು! ಕೊನೆಗೆ ಒಂದು ಬೆಳಿಗ್ಗೆ ಆ ಪ್ರಶ್ನೆಯೂ ಸಿಕ್ಕಿತು. ಕಾಡಂಚಿನ ಹಳ್ಳಿಗಳಿಗೆ ಆನೆ ನುಗ್ಗುವುದನ್ನು ತಡೆಯಲು, ಕಂದಕಗಳನ್ನು ದುರಸ್ತಿ ಮಾಡಲು ಏನು ಕ್ರಮ ಕೈಗೊಂಡಿದ್ದೀರಿ ಎಂದು ಕೇಳಿದ್ದರು. ನನ್ನ ಕಣ್ಣು ತುಂಬಿ ಬಂತು. ಮಾರ್ಜಿನ್ನಿನಲ್ಲಿ "ವೆರಿ ಗುಡ್" ಬರೆದು ಒಂದು ಸ್ಟಾರ್ ಹಾಕಿದೆ.

ಶುಕ್ರವಾರ ಮುನಿರತ್ನಮ್ಮನಿಗೆ ಅದನ್ನು ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ. ಅವಳು ಕುಕ್ಕೆ ಇಳಿಸಿ ನನ್ನ ಮೊಬೈಲಿಗೆ ಕೈ ಮುಗಿದಳು. ಮುಂದಿನ ಮಂಗಳವಾರ ಬಂದಾಗ ಮುಖ ಅರಳಿತ್ತು. ಊರಿನಲ್ಲೆಲ್ಲ ಹೇಳಿಬಿಟ್ಟಿದ್ದಳು. ಕುಸಿದ ಕಂದಕವನ್ನು ತಾವೇ ಮನೆಗೊಬ್ಬರಂತೆ ಸೇರಿ ತೋಡಿಕೊಳ್ಳುವುದೆಂದು ಊರವರು ಮಾತಾಡಿಕೊಂಡಿದ್ದರಂತೆ. ಡೆಲ್ಲಿಯಲ್ಲೇ ಮಾತು ಬಂದಮೇಲೆ ನಮಗೇಕೆ ಶ್ರಮ ಎಂದು ಗುದ್ದಲಿ ಕೆಳಗಿಟ್ಟರಂತೆ. ನಾನು ಹೆಮ್ಮೆಯಿಂದ ತಲೆಯಾಡಿಸಿದೆ. ಗುದ್ದಲಿ ಕೆಳಗಿಡಿಸಿದವಳು ನಾನೇ ಎಂಬುದು ಆಗ ಹೊಳೆಯಲಿಲ್ಲ.

ರಾಗಿ ಮೊಣಕಾಲುದ್ದ ಬಂತು. ತೆನೆ ಕಟ್ಟಿತು. ಕಂದಕದ ಹತ್ತಿರ ಒಬ್ಬರೂ ಸುಳಿಯಲಿಲ್ಲ. ನಾನು ಎಂ.ಪಿ.ಯವರಿಗೆ ಇಂಗ್ಲಿಷಿನಲ್ಲಿ ಎರಡು ಪುಟದ ಕಾಗದ ಬರೆದೆ. ಅವರ ಕಚೇರಿಯಿಂದ ಉತ್ತರವೂ ಬಂತು. ಕಾಗದಕ್ಕೆ ವಂದನೆಗಳು, ಆದರೆ ತಾವು ಹೇಳಿದ ಊರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ದಯವಿಟ್ಟು ಸಂಬಂಧಪಟ್ಟ ಸದಸ್ಯರನ್ನು ಸಂಪರ್ಕಿಸಿ ಎಂದಿತ್ತು.

ಬುದ್ಧಿ ಇದ್ದವರಿಗೆ ಅಷ್ಟು ಸಾಕಾಗಿತ್ತು. ನನಗೆ ಕೋಪ ಬಂತು. ಯಾವ ಆಫೀಸಿಗೆ ಹೋದರೂ "ಇದು ನಮ್ಮ ಸೆಕ್ಷನ್ ಅಲ್ಲ" ಅನ್ನುವುದನ್ನು ಜೀವನಪೂರ್ತಿ ಕೇಳಿದ್ದೇನೆ. ಇವರೂ ಅದೇ ಪಾಠ ಒಪ್ಪಿಸುತ್ತಿದ್ದಾರಲ್ಲ ಎಂದು, ಆ ಕಾಗದದಲ್ಲಿದ್ದ ಎರಡು ಗ್ರಾಮರ್ ತಪ್ಪಿಗೆ ಕೆಂಪು ಸುತ್ತು ಹಾಕಿ, ರಿಜಿಸ್ಟರಿನಲ್ಲಿ ಅಂಟಿಸಿ, ಕಾಂಡಕ್ಟ್ ಕಾಲಮ್ಮಿನಲ್ಲಿ ಐದು ಮಾರ್ಕು ಕಳೆದೆ.

ಅಷ್ಟರಲ್ಲಿ ನಮ್ಮ ಹಿರಿಯ ನಾಗರಿಕರ ಸಂಘದ ವಾರ್ಷಿಕೋತ್ಸವ ಬಂತು. ಹೊಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ, ಎಂ.ಪಿ.ಯವರೇ ಮುಖ್ಯ ಅತಿಥಿ. ನಾನು ಮುನಿರತ್ನಮ್ಮನಿಗೆ ಒಂದು ದಿನದ ವ್ಯಾಪಾರ ಬಿಟ್ಟು ಬಾ ಅಂದೆ. ಅವಳು ಮದುವೆಗೆ ಉಡುವ ಸೀರೆ ಉಟ್ಟು ಬಂದಳು. ಯಜಮಾನರನ್ನೂ ಕೂಗಿ ಕೂಗಿ ಹೊರಡಿಸಿದೆ.

ಹೋದರೆ, ಎಂ.ಪಿ. ಬರಲಿಲ್ಲ. ಚಳಿಗಾಲದ ಅಧಿವೇಶನ ಶುರುವಾಗಿದ್ದರಿಂದ ಅವರು ಡೆಲ್ಲಿಗೆ ಹೋಗಿದ್ದರು, ತಮ್ಮ ಪಿ.ಎ.ಯನ್ನು ಕಳಿಸಿದ್ದರು. ಸಂಸತ್ತಿಗೆ ಹಾಜರಾಗಿ ಎಂದು ಆರು ತಿಂಗಳು ಬಡಕೊಂಡವಳು ನಾನು. ಹಾಜರಾದದ್ದಕ್ಕೆ ದೂರುವ ಹಾಗಿಲ್ಲ. ಸರಿ, ಪಿ.ಎ. ಎದುರಿಗೇ ಪ್ರೋಗ್ರೆಸ್ ರಿಪೋರ್ಟ್ ಓದುವುದೆಂದು ತೀರ್ಮಾನಿಸಿದೆ. ಅಧ್ಯಕ್ಷರು ಎರಡು ನಿಮಿಷ ಕೊಟ್ಟರು. ನಾನು ಹದಿನೈದು ತೆಗೆದುಕೊಂಡೆ.

ಯಾವುದನ್ನೂ ಬಿಡಲಿಲ್ಲ. ಹಾಜರಿ ತೃಪ್ತಿಕರ. ಪ್ರಶ್ನೆಗಳಲ್ಲಿ ಆಸಕ್ತಿ ಇದೆ. ಆನೆಯ ಪ್ರಶ್ನೆಗೆ ವಿಶೇಷ ಮೆಚ್ಚುಗೆ. ಕಾಗದಕ್ಕೆ ಜಾರಿಕೊಳ್ಳುವ ಉತ್ತರ, ಕಾಂಡಕ್ಟ್ ಸುಧಾರಿಸಬೇಕು. ಕೇಳಿ ಕೇಳಿ ಹಿರಿಯರು ಚಪ್ಪಾಳೆ ತಟ್ಟಿದರು. ಆಮೇಲೆ ಚಪ್ಪಾಳೆ ನಿಂತಿತು. ಮುಂದಿನ ಸಾಲಿನವರು ನನ್ನನ್ನು ಬಿಟ್ಟು ನನ್ನ ಹಿಂದೆ ನೋಡತೊಡಗಿದರು. ನಾನು ರಿಜಿಸ್ಟರಿನ ಮೊದಲ ಪುಟದ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದೆ. ನನ್ನ ಬೆನ್ನ ಹಿಂದಿನ ಬ್ಯಾನರಿನಲ್ಲಿ ಮುಖ್ಯ ಅತಿಥಿಯವರ ಆಳೆತ್ತರದ ಫೋಟೋ ಇತ್ತು. ಅದು ಬೇರೆ ಮುಖ.

ಪಿ.ಎ. ಎದ್ದು ಬಂದರು. ತೆಳ್ಳಗಿನ, ತುಂಬ ಮರ್ಯಾದೆಯ ಮನುಷ್ಯ. ಮೈಕಿಗೆ ಕೈ ಅಡ್ಡ ಹಿಡಿದು, ತಮಿಳು ಬೆರೆತ ಕನ್ನಡದಲ್ಲಿ ಮೆಲ್ಲಗೆ ಹೇಳಿದರು:

"ಅಮ್ಮಾ, ಇವರು ನಮ್ಮ ಸಾರ್ ಇಲ್ಲೀಂಗಮ್ಮ. ಬಾರ್ಡರ್ ಆ ಕಡೆ ಎಂ.ಪಿ."

ಮೈಕು ಒಳ್ಳೆಯ ಕಂಪನಿಯದು. ಎಲ್ಲರಿಗೂ ಕೇಳಿಸಿತು.

ಮೂವತ್ತನಾಲ್ಕು ವರ್ಷ ಬೇರೆಯವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ನಿಂತವರಿಗೆ ಹೇಗಿರುತ್ತದೆ ಎಂದು ಅಂದು ತಿಳಿಯಿತು. ನಗೆ ಹಿಂದಿನ ಸಾಲಿನಿಂದ ಶುರುವಾಯಿತು. ಅದು ಯಾವಾಗಲೂ ಅಲ್ಲಿಂದಲೇ ಶುರುವಾಗುವುದು. ನೆರವಿಗಾಗಿ ಮೂರನೆಯ ಸಾಲಿನಲ್ಲಿದ್ದ ಯಜಮಾನರನ್ನು ನೋಡಿದೆ. ಅವರು ಸ್ಪಷ್ಟವಾಗಿ "ಹ್ಞೂಂ" ಅಂದರು.

ಆದರೆ ನಾನು ನೋಡಲಾರದೆ ಹೋದದ್ದು ಮುನಿರತ್ನಮ್ಮನ ಮುಖ. ಅವಳು ನಗಲಿಲ್ಲ. ಡೆಲ್ಲಿಯಲ್ಲಿ ಎತ್ತಿದ ಮಾತು ತನ್ನ ಊರಿನದಲ್ಲ ಎಂದು ಅವಳಿಗೆ ಅರ್ಥವಾಗಿತ್ತು. ಹೊಲದಲ್ಲಿ ಗಂಡ ಮುರಿದ ಮೊಣಕಾಲಿಟ್ಟುಕೊಂಡು ಅಟ್ಟಣೆ ಕಟ್ಟುತ್ತಿದ್ದ. ಊರಿನವರ ಗುದ್ದಲಿಗಳು ನನ್ನ ಮಾತು ನಂಬಿ ಮೂಲೆಯಲ್ಲಿದ್ದವು. ಕೊಯ್ಲಿಗೆ ಎರಡೇ ವಾರ.

ಅವಳು ಎದ್ದು, ಸೀರೆ ಸರಿಮಾಡಿಕೊಂಡು, ವೇದಿಕೆಯ ಕೆಳಗೆ ಬಂದು ನಿಂತಳು.

"ಸಾರ್, ಅಮ್ಮಾರ್ನ ಬುಡಿ. ವಯಸ್ಸಾದೋರು, ಕಣ್ಣು ಕಾಣಾಕಿಲ್ಲ. ನನ್ ಮಾತು ಒಸಿ ಕೇಳಿ. ನಮ್ಮೂರ್ ತಾವ ಟ್ರೆಂಚು ಕುಸ್ದೋಗ್ಬುಟ್ಟದೆ, ಆನೆ ಅಲ್ಲೇ ಬತ್ತದೆ. ತೋಡಕ್ಕೆ ನಾವೇ ರೆಡಿ. ಫಾರೆಸ್ಟ್‌ನೋರು ಬಂದು ಸರಿ ಅಂದ್ರೆ ಸಾಕು."

ನನ್ನ ಹದಿನೈದು ನಿಮಿಷದಲ್ಲಿ ಇಲ್ಲದ್ದು ಅವಳ ಅರ್ಧ ನಿಮಿಷದಲ್ಲಿತ್ತು. ಪಿ.ಎ. ಊರಿನ ಹೆಸರು, ಸರ್ವೆ ನಂಬರ್ ಕೇಳಿದರು. ಬರೆದುಕೊಳ್ಳಲು ಕಾಗದ ಹುಡುಕಿದರು. ನಾನು ರಿಜಿಸ್ಟರಿನಿಂದ ಒಂದು ಖಾಲಿ ಹಾಳೆ ಹರಿದು ಕೊಟ್ಟೆ. ಆ ರಿಜಿಸ್ಟರಿನಿಂದ ಆರು ತಿಂಗಳಲ್ಲಿ ಆದ ಉಪಯೋಗ ಅದೊಂದೇ.

ಬಸ್‌ಸ್ಟ್ಯಾಂಡಿನವರೆಗೆ ಮೂವರೂ ಆಟೋದಲ್ಲಿ ಹೋದೆವು. ಡೆಂಕಣಿಕೋಟೆ ಬಸ್ಸು ಹತ್ತುವ ಮುಂಚೆ ನಾನು ಅವಳ ಕೈ ಹಿಡಿದು, ನನ್ನಿಂದ ತಪ್ಪಾಯಿತು ಅಂದೆ. ಅವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಆಕಡೆ ಅಯ್ಯನ್ಗೂ ಒಂದು ಕಾಗ್ದ ಹಾಕ್ತಾ ಇರಿ ಅಮ್ಮಾರೇ. ನಮ್ ಆನೆ ಬರಾದು ಅಲ್ಲಿಂದ್ಲೇಯ. ಅವುಕ್ಕೆ ಬಾರ್ಡರ್ ಎಲ್ ಗೊತ್ತಾಯ್ತದೆ? ನಿಮ್ ತರಾನೇ" ಅಂದಳು.

ಆನೆಗೆ ಹೋಲಿಸಿದ್ದಕ್ಕೆ ಬೇಜಾರಾಗಲಿಲ್ಲ. ಆ ಹೊತ್ತಿಗೆ ನನಗೆ ಅದು ಪ್ರಮೋಷನ್.

ಮುಂದಿನ ಶುಕ್ರವಾರ ಸೊಪ್ಪು ಬರಲಿಲ್ಲ. ಮಂಗಳವಾರವೂ ಇಲ್ಲ. ಬೀದಿಯಲ್ಲಿ ಯಾರ ಕೂಗು ಕೇಳಿದರೂ ಗೇಟಿಗೆ ಓಡುತ್ತಿದ್ದೆ. ಅದರ ಮುಂದಿನ ಶುಕ್ರವಾರ ಬಂದಳು, ಅಂಗೈಯೆಲ್ಲ ಬೊಬ್ಬೆ. ಫಾರೆಸ್ಟ್ ಗಾರ್ಡ್ ಬಂದು ನೋಡಿ ಒಪ್ಪಿಗೆ ಕೊಟ್ಟಿದ್ದರು. ಊರವರು ಮೂರು ದಿನದಲ್ಲಿ ತೋಡಿದ್ದರು. ಆನೆ ಒಂದು ಸಲ ದಡದವರೆಗೆ ಬಂದು, ಬಗ್ಗಿ ನೋಡಿ, ಹಿಂದಕ್ಕೆ ಹೋಯಿತಂತೆ. ಅದು ಬೇರೆ ಯಾರದೋ ಹೊಲಕ್ಕೆ ಹೋಗಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಇವರ ರಾಗಿ ಕಣಕ್ಕೆ ಬಂತು. ಗಂಡ ಅಟ್ಟಣೆ ಹತ್ತಲಿಲ್ಲ.

ಈಗ ನಾನು ಹೊಸ ಪುಟ ತೆರೆದಿದ್ದೇನೆ. ಹಾಲ್‌ನಲ್ಲಿ ಕೂತು, ತಮಿಳುನಾಡಿನಲ್ಲಿದ್ದೇನೆ ಎಂದು ಮೊಬೈಲ್ ಹೇಳಿದ ಮೇಲೆ, ಬೂದು ಅಕ್ಷರದ ಕ್ಷೇತ್ರದ ಹೆಸರನ್ನೂ ಯಜಮಾನರಿಂದ ಓದಿಸಿ ಖಚಿತಪಡಿಸಿಕೊಂಡು, ನಮ್ಮ ನಿಜವಾದ ಎಂ.ಪಿ.ಯ ಹೆಸರು ಬರೆದಿದ್ದೇನೆ. ಎದುರು ಪುಟ ಗಡಿಯಾಚೆಯವರದು. ಅನ್ಯಾಯವಾಗಿ ಕಳೆದಿದ್ದ ಐದು ಮಾರ್ಕನ್ನು ಅವರಿಗೆ ವಾಪಸ್ ಕೊಟ್ಟಿದ್ದೇನೆ. ಆ ಗ್ರಾಮರ್ ತಪ್ಪುಗಳು ಮಾತ್ರ ತಪ್ಪುಗಳೇ.

ಮೂರನೆಯ ಪುಟ ಯಜಮಾನರು ಹಟ ಹಿಡಿದು ತೆರೆಸಿದ್ದು. ಅದರಲ್ಲಿ ನನ್ನ ಹೆಸರಿದೆ. ಹಾಕಿದ ಓಟು: ಎಲ್ಲ. ಓದಿದ ಹೆಸರು: ಸೊನ್ನೆ. ಕೆಳಗೆ, ನನ್ನದೇ ಕೆಂಪು ಪೆನ್ನಿನಿಂದ, ನಾನು ಸಾವಿರಾರು ಮಕ್ಕಳ ಪೇಪರಿನ ಮೇಲೆ ಬರೆದ ಮಾತನ್ನೇ ಬರೆದಿದ್ದಾರೆ: "ರೀಡ್ ದ ಕ್ವೆಶ್ಚನ್ ಕೇರ್‌ಫುಲಿ."

ಪ್ರೋಗ್ರೆಸ್ ರಿಪೋರ್ಟಿಗೆ ಪೋಷಕರ ಸಹಿ ಬೇಕೇ ಬೇಕು. ಯಾರ ಹತ್ತಿರ ಹಾಕಿಸುವುದು? ಮುನಿರತ್ನಮ್ಮ ಕುಕ್ಕೆ ಇಳಿಸಿ, ಬೊಬ್ಬೆ ಬಂದ ಕೈಯಲ್ಲಿ ಪೆನ್ನು ಹಿಡಿದು, ತಮಿಳು ಅಕ್ಷರದಲ್ಲಿ ನಿಧಾನವಾಗಿ ರುಜು ಹಾಕಿದಳು. ಹಾಕಿ, ದಂಟಿನ ಸೊಪ್ಪು ಬೇಕಾ ಎಂದು ಕೇಳಿದಳು.

ಎರಡು ಕಟ್ಟು ಕೊಡು ಅಂದೆ. ಹಾಜರಿ ಹೇಳುವ ಹಾಗೆ, ಎದ್ದು ನಿಂತೇ ಅಂದೆ.