ವಸಂತಣ್ಣನ ಮೆಟ್ಟಿಲ ದೀಪ

ಜುಲೈ 12, ಶನಿವಾರ, ಸಂಜೆ 5.20. ವಿದ್ಯಾರ್ಥಿಗಿಂತ ಒಂದು ಪಾಠ ಮುಂದಿದ್ದರೆ ಕಲಿಸಲು ಸಾಕು ಎಂದು ನಾನು ನಂಬಿದ್ದೆ. ಮೆಲ್ಕಾರಿನಲ್ಲಿ ವೈರ್‌ಮ್ಯಾನ್ ಪರ್ಮಿಟ್ ಪರೀಕ್ಷೆಯ ಥಿಯರಿ ಹೇಳಿಕೊಡಲು ಸೇರಿದ ಮೊದಲ ಶನಿವಾರವೇ ಆ ನಂಬಿಕೆಯ ಫ್ಯೂಸ್ ಹೋಯಿತು. ನನಗೆ ಇಪ್ಪತ್ತಾರು. ಎದುರಿಗೆ ಹನ್ನೊಂದು ಮಂದಿ; ಅವರಲ್ಲಿ ಒಂಬತ್ತು ಮಂದಿ ನನಗಿಂತ ಹಿರಿಯರು, ನಾಲ್ವರು ನಾನು ಹುಟ್ಟುವ ಮೊದಲೇ ಶಾಕ್ ಹೊಡೆಸಿಕೊಂಡವರು. ಎಲ್ಲ ಲೆಕ್ಕವೂ ಡೈರಿಯಲ್ಲಿದೆ. ನನ್ನ ಪಾಠಕ್ಕೆ ಯಾರು ಎಷ್ಟು ಸಲ ಆಕಳಿಸಿದರು ಎಂಬುದೂ ಇದೆ. ಅದನ್ನು ಕೂಡಿಸಿ ನೋಡುವ ಧೈರ್ಯ ಬಂದಿಲ್ಲ.

ಆ ನಾಲ್ವರಲ್ಲಿ ಒಬ್ಬರು ಸಿದ್ಧಕಟ್ಟೆಯ ವಸಂತಣ್ಣ. ಇಪ್ಪತ್ತೆಂಟು ವರ್ಷದಿಂದ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದಾರೆ, ಲಿಖಿತ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಾರೆ. ಅವರನ್ನು ಕೆಡವಿದ್ದು ಮೆಟ್ಟಿಲ ದೀಪ: ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್, ನಡುವೆ ಒಂದೇ ಬಲ್ಬು. ಎಷ್ಟೋ ಮನೆಗಳಲ್ಲಿ ಅದನ್ನು ಉರಿಸಿದವರು ಪುಸ್ತಕದಲ್ಲಿ ಬಿಡಿಸಹೊರಟರೆ ವೈರುಗಳೆಲ್ಲ ಗಂಟು. ನಾನು ಬಣ್ಣದ ಪೆನ್ಸಿಲ್ ಕೊಟ್ಟೆ, ತುಂಬ ಸುಲಭ ಎಂದೂ ಹೇಳಿದೆ. ನಾಲ್ಕು ಶನಿವಾರ, ಒಂಬತ್ತು ಪ್ರಯತ್ನ, ಸರಿಯಾದದ್ದು ಸೊನ್ನೆ.

ಇವತ್ತು ಅವರು ಪುಸ್ತಕ ಮುಚ್ಚಿಟ್ಟರು.

"ನನ್ನಿಂದ ಆಗುದಿಲ್ಲ ಸರ್. ಪರ್ಮಿಟ್ ಇಲ್ಲದವರಿಗೆ ಇನ್ನು ಕೆಲಸ ಇಲ್ಲಾಂತ ಕಂಟ್ರಾಕ್ಟರು ಹೇಳಿ ಆಗಿದೆ. ಇನ್ನು ಬೇರೆಯವರ ಏಣಿ ಹಿಡಿಯುದೇ."

ಹಿಂದಿನ ಬೆಂಚಿನಿಂದ ಚಾರ್ಮಾಡಿಯ ಹಮೀದ್ ಹೇಳಿದರು, "ಸೈಟಿನಲ್ಲಿ ಯಾರಾದರೂ ಪುಸ್ತಕದಲ್ಲಿ ಬಿಡಿಸ್ತಾರಾ ಮಾರಾಯ್ರೆ? ಅವರಿಗೊಂದು ಗೋಡೆ ಕೊಡಿ."

ದೊಡ್ಡ ಹಾಳೆಯೊಂದನ್ನು ಗೋಡೆಗೆ ಅಂಟಿಸಿದೆ. ವಸಂತಣ್ಣ ಎದ್ದರು, ಕಿವಿಯ ಮೇಲಿನ ಪೆನ್ಸಿಲ್ ತೆಗೆದರು, ಸೊಂಟದ ಹತ್ತಿರ ಒಂದು ಸ್ವಿಚ್, ತಲೆಯೆತ್ತರದಲ್ಲಿ ಇನ್ನೊಂದು ಬಿಡಿಸಿದರು. ಗೆರೆ ಹಾಳೆ ದಾಟಿ ಸುಣ್ಣದ ಮೇಲೆ ಹರಿದು ವಾಪಸು ಬಂತು. ಎರಡು ನಿಮಿಷ. ಎಲ್ಲ ಸರಿ.

ಚಿತ್ರ ಮುಗಿಸಿದ ಕೈ ಅಭ್ಯಾಸದಿಂದ ಪಕ್ಕದ ಖಾಲಿ ಬಲ್ಬ್ ಹೋಲ್ಡರಿಗೆ ಟೆಸ್ಟರ್ ಇಟ್ಟಿತು. ಸ್ವಿಚ್ ಆಫ್ ಇತ್ತು. ಟೆಸ್ಟರ್ ಉರಿಯಿತು.

"ಇದು ಯಾರು ಹಾಕಿದ್ದು ಸರ್?" ಮೆತ್ತಗೆ ಕೇಳಿದರು.

ಹೋದ ತಿಂಗಳು ಹಾಕಿದ್ದು ನಾನೇ. ಸ್ವಿಚ್ ಯಾವಾಗಲೂ ಕರೆಂಟ್ ಬರುವ ಫೇಸ್ ವೈರಿನಲ್ಲೇ ಇರಬೇಕು ಎಂದು ಈ ಕ್ಲಾಸಿನಲ್ಲಿ ಆರು ಸಲ ಹೇಳಿದ್ದೇನೆ, ತಾರೀಕು ಸಮೇತ ಬರೆದಿಟ್ಟಿದ್ದೇನೆ. ನಾನು ಹಾಕಿದ್ದು ನ್ಯೂಟ್ರಲಿನಲ್ಲಿ; ಆಫ್ ಮಾಡಿದರೂ ಹೋಲ್ಡರಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ವಸಂತಣ್ಣ ಮೈನ್ ಸ್ವಿಚ್ ಆಫ್ ಮಾಡಿ, ಉಳಿದವರಿಗೆ ಬೆನ್ನು ಅಡ್ಡ ಕೊಟ್ಟು, ನಾಲ್ಕು ನಿಮಿಷದಲ್ಲಿ ಸರಿ ಮಾಡಿದರು.

"ಡೈರಿಯಲ್ಲಿ ಬರೆಯುದು ಬೇಡ ಸರ್," ಎಂದರು.

ಬರೆಯದೆ ಇರಲು ನನಗೆ ಬರುವುದಿಲ್ಲ.

ಪರೀಕ್ಷೆ ಮುಂದಿನ ಭಾನುವಾರ. ಅಲ್ಲಿ ಇರುವುದು ಬೆಂಚು, ಗೋಡೆಯಲ್ಲ. ನಿಂತುಕೊಂಡು ಬರೆಯಲು ಬಿಡುತ್ತಾರೋ, ಇಲ್ಲವಾದರೆ ಐವತ್ತೊಂದು ವರ್ಷದವರ ಕೈಯನ್ನು ಒಂದು ವಾರದಲ್ಲಿ ಬೆಂಚಿಗೆ ಒಗ್ಗಿಸುವುದು ಹೇಗೋ, ತಿಳಿದವರು ದಯವಿಟ್ಟು ಬರೆಯಿರಿ. ಸ್ವಿಚ್ಚಿನ ವಿಷಯ ಬರೆಯಬೇಕಿಲ್ಲ; ಅದನ್ನು ನನಗೆ ಕಲಿಸಿ ಆಗಿದೆ.